ಪದಪ್ರಶ್ನೆ: ಸಂತೋಷವೇ ಜಿಗಿತವಾದ ಕ್ರಿಯಾಪದ

ಪ್ರಶ್ನೆ: ದಹಿಹಂಡಿಯ (ಮೊಸರು ಕುಡಿಕೆಯ ಹಬ್ಬದ) ಮರುದಿನ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ, ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಗಡಿಗೆ ಒಡೆದ ಗೋವಿಂದರ ಚಿತ್ರದ ಕೆಳಗೆ ‘ಎಗ್ಸಲ್ಟ್’ ಎಂಬ ಕ್ರಿಯಾಪದವಿತ್ತು. ಅದಕ್ಕೆ ‘ಕೊಂಡಾಡು’ ಎಂದರ್ಥವೆಂದು ಮಗಳು ಹೇಳುತ್ತಾಳೆ. ಇದು ಸರಿಯೇ? ಪದದ ಮೂಲವೇನು?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಮ್ಮ ಮಗಳು ಹೇಳಿದ ಅರ್ಥ ‘ಎಗ್ಸಾಲ್ಟ್’ ಎಂಬ ಬೇರೊಂದು ಪದದ್ದು. ಅದರ ಮೂರನೆಯ ಅಕ್ಷರ ‘ಎ’, ಇದರದು ‘ಯು’. ಅದು ಎತ್ತರವೆಂಬ ಅರ್ಥದ ಲ್ಯಾಟಿನ್ನಿನ ‘ಆಲ್ಟುಸ್’ನಿಂದ ಬಂದದ್ದು, ಮೇಲಕ್ಕೇರಿಸು, ಕೊಂಡಾಡು ಎಂದು ಅದರ ಅರ್ಥ.

‘ಎಗ್ಸಲ್ಟ್’ನ ಮೂಲದಲ್ಲಿರುವುದು ಜಿಗಿತ. ಲ್ಯಾಟಿನ್ನಿನಲ್ಲಿ ‘ಸಲೀರೆ’ ಎಂದರೆ ಜಿಗಿಯುವುದು, ‘ಸಾಲ್ತಾರೆ’ ಎಂದರೆ ಮತ್ತೆ ಮತ್ತೆ ಜಿಗಿಯುವುದು, ಕುಣಿಯುವುದು. ಅದರ ಹಿಂದೆ ‘ಹೊರಕ್ಕೆ’ ಎಂಬರ್ಥದ ‘ಎಕ್ಸ್’ ಸೇರಿ ಈ ಪದವಾಗಿದೆ. 16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಇದಕ್ಕೆ ನಿಜವಾಗಿಯೇ ನೆಗೆಯುವುದೆಂಬ ಅರ್ಥವೂ ಇತ್ತು. ಈಗ ಉಳಿದಿರುವುದು ಗೆಲುವಿನ ಸಂತೋಷವನ್ನು ಒಳಗೆ ಹಿಡಿದಿಡಲಾರದ ಸ್ಥಿತಿ ಮಾತ್ರ. ಇದೇ ಬೇರಿನ ‘ರಿಸಲ್ಟ್’ ಮೊದಲಿಗೆ ಹಿಂದಕ್ಕೆ ಚಿಮ್ಮುವುದಾಗಿತ್ತು. ‘ಇನ್ಸಲ್ಟ್’ ಮೈಮೇಲೆ ಎಗರುವುದಾಗಿತ್ತು. ಜಗಳದಲ್ಲಿ ‘ನನ್ನ ಮೇಲೆ ಎಗರಿ ಬಂದ’ ಎನ್ನುವ ನಮಗೆ ಈ ಎರಡನೆಯದು ವಿವರಣೆಯಿಲ್ಲದೆಯೇ ತಿಳಿಯುತ್ತದೆ.

ನಿಘಂಟುಗಳು ಕೊಡುವ ‘ಹರ್ಷಿಸು’ ತಪ್ಪಲ್ಲ; ಆದರೆ ಸಂಸ್ಕೃತದ ಹರ್ಷದಲ್ಲಿ ನಿಮಿರುವುದು ಮೈಕೂದಲು, ರೋಮಹರ್ಷಣ ಎನ್ನುವುದು ಅದಕ್ಕೇ. ಕನ್ನಡದ ‘ಹಿಗ್ಗು’ ಉಬ್ಬುವ ಸಂತೋಷ. ನಮ್ಮವರು ಹಿಗ್ಗಿ ಹೀರೇಕಾಯಿಯಾಗುತ್ತಾರೆ. ಇಂಗ್ಲಿಷ್ ಪದದ ಜಿಗಿತಕ್ಕೆ ಹತ್ತಿರವಾದದ್ದು ‘ಕುಣಿದಾಡು’ ಎಂದು ನನ್ನ ಅಭಿಪ್ರಾಯ. ನಮ್ಮ ನೆರೆಯ ಮರಾಠಿಗರೂ ಆನಂದದಿಂದ ‘ಉಡ್ಯಾ’ ಹೊಡೆಯುತ್ತಾರೆ, ಅಂದರೆ ಜಿಗಿಯುತ್ತಾರೆ.

ದಾದರಿನ ಗಲ್ಲಿಯೊಂದರಲ್ಲಿ ನಾನು ಕಂಡದ್ದು ಇದನ್ನೇ. ಗಡಿಗೆ ಒಡೆದ ಹುಡುಗನನ್ನಲ್ಲ, ಅಷ್ಟು ಹೊತ್ತು ತಲೆ ತಗ್ಗಿಸಿ ಹೆಗಲ ಮೇಲೆ ಭಾರ ಹೊತ್ತು ನಿಂತಿದ್ದ ತಳದ ಸಾಲಿನವರನ್ನು ನೋಡಬೇಕು: ಮೇಲಿನವರು ಇಳಿದದ್ದೇ ತಡ, ತೊಯ್ದ ಬಟ್ಟೆಯಲ್ಲೇ ಒಬ್ಬರ ಕೊರಳಿಗೊಬ್ಬರು ಕೈಹಾಕಿ ನಿಂತಲ್ಲೇ ಜಿಗಿಯುತ್ತಿದ್ದರು. ಆ ಚಿತ್ರಕ್ಕೆ ಪತ್ರಿಕೆ ಆರಿಸಿದ ಪದ ಬಹಳ ಸರಿಯಾಗಿದೆ.

ಬಳಸುವಾಗ ಒಂದು ಎಚ್ಚರ ಬೇಕು. ಈ ಪದದ ಮುಂದೆ ‘ಓವರ್’ ಬಂದು, ಅದರ ಮುಂದೆ ಎದುರಾಳಿಯ ಸೋಲಿನ ಮಾತು ಬಂದರೆ, ಸೋತವರ ಮುಂದೆ ಮೆರೆಯುವುದು ಎಂಬ ಅರ್ಥ ಬರುತ್ತದೆ. ಆದ್ದರಿಂದ ಮದುವೆ, ನಾಮಕರಣಗಳ ಸಂತೋಷಕ್ಕೆ ‘ರಿಜಾಯ್ಸ್’ ಸಾಕು. ಮಗಳ ಪರೀಕ್ಷೆಯ ಫಲಿತಾಂಶ ಬಂದ ದಿನ ‘ಎಗ್ಸಲ್ಟ್’ ಬಳಸಲು ಅಡ್ಡಿಯಿಲ್ಲ.