ಹಸಿರು ಕಟ್ಟಡ ಮತ್ತು ಬಂದುಹೋಗುವವರ ಲೆಕ್ಕ

ಪ್ರಶ್ನೆ: ಮಂಗಳೂರಿನ ಬಿಜೈಯಲ್ಲಿರುವ ಐದು ಅಂತಸ್ತಿನ ವಾಣಿಜ್ಯ ಕಟ್ಟಡವೊಂದರ ನಿರ್ವಹಣೆ ನನ್ನದು. ಮಾಲಕರು ಹಸಿರು ಕಟ್ಟಡಗಳಿಗೆ ಅಂಕಗಳ ಆಧಾರದಲ್ಲಿ ನೀಡುವ ಲೀಡ್ (LEED) ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಲು ತೀರ್ಮಾನಿಸಿದ್ದಾರೆ. ಅದಕ್ಕಾಗಿ ಇಲ್ಲಿ ದುಡಿಯುವವರ ಪ್ರಯಾಣದ ಸಮೀಕ್ಷೆ ಆಗಬೇಕಂತೆ. ‘ನೀವು ಹೇಗೆ ಬರುತ್ತೀರಿ’ ಎಂಬ ಒಂದೇ ಪ್ರಶ್ನೆಯ ಚೀಟಿಯನ್ನು ಹಂಚಿದೆವು. ಅನೇಕರು ‘ಬಸ್ಸು, ಬೈಕು’ ಎಂದಷ್ಟೇ ಬರೆದರು. ಸುಮಾರು ಅರ್ಧದಷ್ಟು ಚೀಟಿಗಳು ಮರಳಲೇ ಇಲ್ಲ. ಕಟ್ಟಡಕ್ಕೂ ಜನರ ಓಡಾಟಕ್ಕೂ ಏನು ಸಂಬಂಧ? ಈ ಸಮೀಕ್ಷೆಯನ್ನು ಸರಿಯಾಗಿ ಮಾಡುವುದು ಹೇಗೆ?
— ಓರ್ವ ಓದುಗರು, ಮಂಗಳೂರು

ಉತ್ತರ: ಸೌರಫಲಕ, ಮಳೆನೀರು ಕೊಯ್ಲು, ಎಲ್‌ಇಡಿ ದೀಪ ಎಲ್ಲವೂ ಇದ್ದು, ಅಲ್ಲಿಗೆ ಬರುವ ಪ್ರತಿಯೊಬ್ಬರೂ ಒಂದೊಂದು ಕಾರಿನಲ್ಲಿ ಒಬ್ಬೊಬ್ಬರೇ ಬರುವಂತಿದ್ದರೆ, ಕಟ್ಟಡದೊಳಗೆ ಉಳಿಸಿದ ಇಂಧನದ ಗಣನೀಯ ಭಾಗ ರಸ್ತೆಯಲ್ಲಿ ಉರಿದುಹೋಗುತ್ತದೆ ಎಂಬುದು ಈ ಸಮೀಕ್ಷೆಯ ಹಿಂದಿರುವ ವಿಚಾರ. ಬಳಕೆಯಲ್ಲಿರುವ ಕಟ್ಟಡಗಳಿಗಾಗಿ ರೂಪಿಸಿದ ಲೀಡ್‌ನ 2009ರ ಆವೃತ್ತಿಯಲ್ಲಿ, ಒಬ್ಬರೇ ಕಾರಿನಲ್ಲಿ ಬರುವ ಪ್ರಯಾಣಗಳನ್ನು ಎಷ್ಟು ತಗ್ಗಿಸಲಾಗಿದೆ ಎಂಬುದಕ್ಕೇ ಗರಿಷ್ಠ 15 ಅಂಕಗಳಿದ್ದವು. 4.1ನೇ ಆವೃತ್ತಿಯು ವರ್ಷಕ್ಕೆ ಒಮ್ಮೆಯಾದರೂ ಸಮೀಕ್ಷೆ ನಡೆಸಿ, ಪ್ರಯಾಣದಿಂದಾಗುವ ಇಂಗಾಲದ ಹೊರಸೂಸುವಿಕೆಯನ್ನು ಲೆಕ್ಕಹಾಕಬೇಕೆನ್ನುತ್ತದೆ.

ನಿಮ್ಮ ಚೀಟಿಯ ದೋಷವೆಂದರೆ ಅದು ಜನರ ರೂಢಿಯನ್ನು ಕೇಳಿದೆ, ನಡೆದ ಪ್ರಯಾಣವನ್ನು ಕೇಳಿಲ್ಲ. ರೂಢಿಯನ್ನು ಕೇಳಿದರೆ ಜನ ತಮಗೆ ಶೋಭೆ ತರುವ ಉತ್ತರವನ್ನೇ ಕೊಡುತ್ತಾರೆ. ಸೋಮವಾರದಿಂದ ಶುಕ್ರವಾರದವರೆಗೆ ಒಂದು ಪೂರ್ಣ ವಾರವನ್ನು ಆರಿಸಿ, ಪ್ರತಿದಿನದ ಬರುವಿಕೆ ಮತ್ತು ಹೋಗುವಿಕೆಗಳನ್ನು ಬೇರೆ ಬೇರೆಯಾಗಿ ಬರೆಸಿರಿ. ಬೆಳಿಗ್ಗೆ ನೆರೆಮನೆಯವರ ಕಾರಿನಲ್ಲಿ ಬಂದವರು ಸಂಜೆ ಸಿಟಿ ಬಸ್ಸಿನಲ್ಲಿ ಮರಳುವುದು ನಮ್ಮಲ್ಲಿ ಸಾಮಾನ್ಯ. ಕಾಸರಗೋಡಿನಿಂದ ರೈಲಿನಲ್ಲಿ ಬಂದು ಮಂಗಳೂರು ಸೆಂಟ್ರಲ್‌ನಲ್ಲಿ ಇಳಿದು ರಿಕ್ಷಾ ಹಿಡಿಯುವವರು, ಕಸಬಾ ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿ ಬಸ್ಸು ಹತ್ತುವವರು, ಮೂಲ್ಕಿಯಿಂದ ಸರ್ವಿಸ್ ಬಸ್ಸಿನಲ್ಲಿ ಬರುವವರು ತಮ್ಮ ದಾರಿಯ ಪ್ರತಿಯೊಂದು ಹಂತವನ್ನೂ ಅದರ ಅಂದಾಜು ದೂರದೊಂದಿಗೆ ನಮೂದಿಸಲು ಜಾಗವಿರಲಿ. ಹೊರದೇಶದ ನಮೂನೆಯನ್ನು ಹಾಗೆಯೇ ಅನುವಾದಿಸಿದರೆ ದೋಣಿ ಮತ್ತು ರಿಕ್ಷಾಗಳಿಗೆ ಸ್ಥಳವೇ ಇರುವುದಿಲ್ಲ.

ದ್ವಿಚಕ್ರ ವಾಹನವನ್ನು ಕಾರಿನ ಸಾಲಿಗೆ ಸೇರಿಸಬೇಡಿ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಲೀಟರಿಗೆ 15 ಕಿ.ಮೀ. ಓಡುವ ಕಾರು 15 ಕಿ.ಮೀ. ದೂರಕ್ಕೆ ಅಷ್ಟನ್ನೂ ಹೊರಸೂಸಿದರೆ, 45 ಕಿ.ಮೀ. ಓಡುವ ಸ್ಕೂಟರು ಅದರ ಮೂರನೆಯ ಒಂದು ಭಾಗವನ್ನಷ್ಟೇ ಹೊರಸೂಸುತ್ತದೆ. ಅದೇ ಕಾರಿನಲ್ಲಿ ನಾಲ್ವರು ಬಂದರೆ ತಲಾ 0.6 ಕಿಲೋಗಿಂತ ಕಡಿಮೆಯಾಗುತ್ತದೆ, ಅಂದರೆ ಒಬ್ಬರೇ ಏರಿದ ಸ್ಕೂಟರಿಗಿಂತಲೂ ಕಡಿಮೆ. ಆದ್ದರಿಂದ ವಾಹನ ಯಾವುದೆಂದು ಕೇಳಿದರೆ ಸಾಲದು, ಅದರಲ್ಲಿ ಎಷ್ಟು ಮಂದಿ ಇದ್ದರೆಂಬುದನ್ನೂ ಕೇಳಬೇಕು.

ಯಾರನ್ನು ಕೇಳಬೇಕೆಂಬ ವಿಷಯದಲ್ಲಿ ಅನೇಕ ಕಟ್ಟಡಗಳು ಎಡವುತ್ತವೆ. ಕಂಪ್ಯೂಟರ್ ಮುಂದೆ ಕೂರುವವರಿಗೆ ಇಮೇಲ್ ಕಳುಹಿಸಿ ಕೆಲಸ ಮುಗಿಯಿತೆಂದುಕೊಂಡರೆ, ಕಾವಲುಗಾರರು, ಸ್ವಚ್ಛತಾ ಸಿಬ್ಬಂದಿ, ಕ್ಯಾಂಟೀನಿನವರು, ಲಿಫ್ಟ್ ನೋಡಿಕೊಳ್ಳುವವರು ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ. ಬಸ್ಸಿನಲ್ಲಿ ಮತ್ತು ನಡೆದು ಬರುವವರು ಹೆಚ್ಚಾಗಿ ಇವರೇ. ಇವರನ್ನು ಬಿಡುವುದು ಅನ್ಯಾಯ ಮಾತ್ರವಲ್ಲ, ನಿಮ್ಮ ಅಂಕಕ್ಕೂ ನಷ್ಟ. ಗುತ್ತಿಗೆಯವರ ಹಾಜರಿ ಪುಸ್ತಕ ತರಿಸಿ, ಪಾಳಿ ಬದಲಾಗುವ ಹೊತ್ತಿಗೆ ಒಬ್ಬರು ನಿಂತು ಕನ್ನಡದಲ್ಲೋ ತುಳುವಿನಲ್ಲೋ ಕೇಳಿ ತಾವೇ ಬರೆದುಕೊಳ್ಳಲಿ. ಉತ್ತರಿಸದವರೆಲ್ಲ ಬಸ್ಸಿನಲ್ಲೇ ಬಂದರೆಂದು ಭಾವಿಸುವುದು ಮಾತ್ರ ಸರ್ವಥಾ ಸಲ್ಲದು. ಅರ್ಧ ಚೀಟಿಗಳು ಬಾರದಿದ್ದಾಗ ಆ ಫಲಿತಾಂಶವನ್ನು ಸಲ್ಲಿಸುವ ಬದಲು ಮತ್ತೊಂದು ವಾರ ಸಮೀಕ್ಷೆ ನಡೆಸುವುದೇ ಲೇಸು. ಹೆಸರು ಕೇಳದೆ, ಪಾರ್ಕಿಂಗ್ ಜಾಗ ಕಿತ್ತುಕೊಳ್ಳಲು ಇದನ್ನು ಬಳಸುವುದಿಲ್ಲವೆಂದು ಮೊದಲೇ ತಿಳಿಸಿದರೆ ಉತ್ತರಗಳು ಹೆಚ್ಚುತ್ತವೆ.

ಇನ್ನು ಋತುವಿನ ಮಾತು. ಜನವರಿಯಲ್ಲಿ ಸ್ಕೂಟರೇರಿ ಬರುವವರಲ್ಲಿ ಅನೇಕರು ಜುಲೈಯ ಮಳೆಗೆ ಬಸ್ಸು ಹಿಡಿಯುತ್ತಾರೆ, ಅನುಕೂಲವಿದ್ದವರು ಕಾರು ತೆಗೆಯುತ್ತಾರೆ. ಸಾಧ್ಯವಾದರೆ ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಸಮೀಕ್ಷೆ ನಡೆಸಿರಿ. ಒಂದೇ ಬಾರಿಯಾದರೆ, ದಸರಾ ರಜೆಯಂಥ ವಾರಗಳನ್ನು ಬಿಟ್ಟು, ಪ್ರತಿವರ್ಷ ಅದೇ ತಿಂಗಳನ್ನು ಉಳಿಸಿಕೊಳ್ಳಿ.

ಪ್ರಶ್ನೆ: ಉಡುಪಿಯಲ್ಲಿ ನಮ್ಮದು ರೋಗನಿದಾನ ಕೇಂದ್ರ. ಸಿಬ್ಬಂದಿಗಿಂತ ಬಂದುಹೋಗುವವರೇ ಹೆಚ್ಚು. ಅವರನ್ನೂ ಕೇಳಬೇಕೇ?
— ಇನ್ನೋರ್ವ ಓದುಗರು, ಉಡುಪಿ

ಉತ್ತರ: ಕೇಳಬೇಕು. ಕಟ್ಟಡ ತುಂಬಿರುವ ಹೊತ್ತಿನಲ್ಲಿ ಸಂದರ್ಶಕರ ಸಂಖ್ಯೆ ಖಾಯಂ ಇರುವವರಿಗಿಂತ ಹೆಚ್ಚಿದ್ದರೆ ಅವರನ್ನೂ ಸೇರಿಸಬೇಕೆಂಬುದು ಲೀಡ್‌ನ ಕ್ರಮ. ಚೀಟಿ ಕೊಡುವ ಕೌಂಟರಿನಲ್ಲಿ ಮೂರೇ ಪ್ರಶ್ನೆ ಸಾಕು: ಯಾವುದರಲ್ಲಿ ಬಂದಿರಿ, ಎಷ್ಟು ಮಂದಿ ಬಂದಿರಿ, ಎಲ್ಲಿಂದ ಬಂದಿರಿ. ರೋಗಿಯೊಂದಿಗೆ ಬಂದವರನ್ನು ಪ್ರತ್ಯೇಕ ವಾಹನವೆಂದು ಎಣಿಸಬೇಡಿ. ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಬರುವ ಪರ್ಯಾಯೋತ್ಸವದ ವಾರದಲ್ಲಂತೂ ಈ ಕೆಲಸಕ್ಕೆ ಕೈಹಾಕಬೇಡಿ.