ಪ್ರೊಜೆಕ್ಟೈಲ್ ಲೆಕ್ಕ: ಸೂತ್ರ ಬಾಯಿಪಾಠ ಬಂದರೂ ಉತ್ತರ ಯಾಕೆ ತಪ್ಪುತ್ತದೆ?

ನೀವು ಪ್ರಥಮ ಪಿಯುಸಿ. ಪ್ರೊಜೆಕ್ಟೈಲ್, ಅಂದರೆ ಎಸೆದ ವಸ್ತುವಿನ ಹಾರಾಟದ ಸಮಯ, ಗರಿಷ್ಠ ಎತ್ತರ, ರೇಂಜ್ (ಅಡ್ಡಕ್ಕೆ ಸಾಗಿ ಬೀಳುವ ದೂರ), ಮೂರೂ ಸೂತ್ರ ಬಾಯಿಗೆ ಬರುತ್ತವೆ. ಆದರೆ ಕಟ್ಟಡದ ಮೇಲಿಂದಲೋ ಗುಡ್ಡದ ಮೇಲಿಂದಲೋ ಎಸೆದ ಲೆಕ್ಕ ಕೊಟ್ಟರೆ ಉತ್ತರ ತಾಳೆಯಾಗುವುದಿಲ್ಲ ಅಂತ ಕೇಳಿದ್ದೀರಿ.

ನಾನು ವಿರಾಜಪೇಟೆ ಕಡೆ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ನಿಮಗೆ ಮೊದಲು ಹೇಳುವುದು ಇಷ್ಟು: ರೇಂಜ್ ಸೂತ್ರವನ್ನು ಸ್ವಲ್ಪ ದಿನ ಬದಿಗಿಡಿ. ಎಸೆದ ಮಟ್ಟದಲ್ಲೇ ಬಂದು ಬೀಳುವ ಚೆಂಡಿಗೆ ಮಾತ್ರ ಅದು ನಡೆಯುತ್ತದೆ. ನಮ್ಮ ಕೊಡಗಿನಲ್ಲಿ ಹಾಕಿ ಮೈದಾನ ಬಿಟ್ಟರೆ ಅಂಥ ಸಮತಟ್ಟು ಜಾಗ ಎಷ್ಟಿದೆ ಹೇಳಿ? ಪರೀಕ್ಷೆಯಲ್ಲಿ ಪ್ರಶ್ನೆ ತೆಗೆಯುವವರಿಗೂ ಇಳಿಜಾರು, ಗೋಡೆ, ಮಹಡಿ ಅಂದರೆ ಬಲು ಇಷ್ಟ.

ಹಿಡಿದುಕೊಳ್ಳಬೇಕಾದ ವಿಷಯ ಒಂದೇ. ಎಸೆದ ವಸ್ತುವಿಗೆ ಎರಡು ಚಲನೆ ಇದೆ, ಒಂದು ಅಡ್ಡಕ್ಕೆ, ಒಂದು ಮೇಲೆ-ಕೆಳಗೆ. ಒಂದಕ್ಕೊಂದು ತಲೆಹಾಕುವುದಿಲ್ಲ. ಎರಡಕ್ಕೂ ಸೇರಿದ್ದು ಸಮಯ ಮಾತ್ರ. ಅಡ್ಡದ ವೇಗ ಕೊನೆವರೆಗೂ ಬದಲಾಗುವುದಿಲ್ಲ. ಮೇಲೆ-ಕೆಳಗಿನ ವೇಗ ಪ್ರತಿ ಸೆಕೆಂಡಿಗೆ 9.8 ರಂತೆ ಕೆಳಮುಖವಾಗಿ ಬದಲಾಗುತ್ತದೆ. ಲೆಕ್ಕ ಸುಲಭವಾಗಲಿ ಅಂತ ಇಲ್ಲಿ 10 ಅಂತಲೇ ಹಿಡಿಯುತ್ತೇನೆ.

ಸುಮ್ನೆ ನಂಬಬೇಡಿ, ಮಾಡಿ ನೋಡಿ. ಮೇಜಿನ ಅಂಚಿನಲ್ಲಿ ಒಂದು ಸ್ಕೇಲನ್ನು ಓರೆಯಾಗಿ, ತುದಿ ಹೊರಚಾಚುವಂತೆ ಇಡಿ. ಚಾಚಿದ ತುದಿಯ ಮೇಲೆ ಒಂದು ನಾಣ್ಯ. ಇನ್ನೊಂದು ನಾಣ್ಯ ಮೇಜಿನ ಮೇಲೇ, ಅಂಚಿಗೂ ಸ್ಕೇಲಿಗೂ ನಡುವೆ. ಸ್ಕೇಲಿನ ಮಧ್ಯೆ ಬೆರಳೂರಿ, ಒಳಗಿನ ತುದಿಯನ್ನು ಫಟ್ಟನೆ ಪಕ್ಕಕ್ಕೆ ತಳ್ಳಿ. ತುದಿಯಲ್ಲಿದ್ದ ನಾಣ್ಯ ನೆಟ್ಟಗೆ ಕೆಳಗೆ ಬೀಳುತ್ತದೆ. ಮತ್ತೊಂದು ದೂರಕ್ಕೆ ಹಾರುತ್ತದೆ. ಕಣ್ಣು ಮುಚ್ಚಿ ಕೇಳಿಸಿಕೊಳ್ಳಿ. ನೆಲಕ್ಕೆ ಬಿದ್ದ ಸದ್ದು ಒಂದೇ ಕೇಳುತ್ತದೆ. ದೂರ ಹಾರಿದ್ದಕ್ಕೆ ಜಾಸ್ತಿ ಹೊತ್ತು ಹಿಡಿಯಲಿಲ್ಲ. ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ್ದು ಇದನ್ನೇ: ಒಂದೇ ಸಮ ಸಾಗುವ ಅಡ್ಡ ಚಲನೆ, ಹೆಚ್ಚುತ್ತಾ ಹೋಗುವ ಬೀಳುವಿಕೆ, ಎರಡೂ ಸೇರಿದರೆ ದಾರಿ ಪರವಲಯ (ಪ್ಯಾರಾಬೋಲ ಎಂಬ ಬಾಗಿದ ಗೆರೆ) ಆಗುತ್ತದೆ.

ಕೊಡಗಿನ ಕೈಲ್ ಪೊಳ್ದ್ ಹಬ್ಬದ ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿದ್ದೀರಾ? ಕೋವಿಯ ನಳಿಗೆ ನೆಲಕ್ಕೆ ಸಮಾನಾಂತರವಾಗಿ, ಸರಿಯಾಗಿ ಕಾಯಿಯ ನಡುವಿಗೆ ನೆಟ್ಟಿದೆ ಅಂದುಕೊಳ್ಳಿ. ಗುಂಡಿನ ವೇಗ ಸೆಕೆಂಡಿಗೆ 300 ಮೀಟರ್, ಕಾಯಿ 60 ಮೀಟರ್ ದೂರ ಇರಲಿ. ಗುಂಡು ತಲುಪಲು 0.2 ಸೆಕೆಂಡ್ ಬೇಕು. ಬೀಳುವ ದೂರ ½ × 10 × ಸಮಯ × ಸಮಯ, ಹಾಗಾಗಿ ಅಷ್ಟು ಹೊತ್ತಿನಲ್ಲಿ ಅದು ಬೀಳುವುದು 5 × 0.2 × 0.2 ಮೀಟರ್, ಅಂದರೆ 20 ಸೆಂಟಿಮೀಟರ್. ಗುಂಡು ಕಾಯಿಯ ಕೆಳಗೆ ಹಾದುಹೋಗುತ್ತದೆ. ಅದಕ್ಕೇ ಗುರಿಹಿಡಿಯುವ ಸೈಟನ್ನು ಹೊಂದಿಸುವಾಗ ನಳಿಗೆ ತುಸು ಮೇಲಕ್ಕೆ ಓರೆಯಾಗಿರುವಂತೆ ನೋಡಿಕೊಳ್ಳುತ್ತಾರೆ. ಈಗ ಇನ್ನೊಂದು ಯೋಚಿಸಿ. ಗುಂಡು ಹೊರಟ ಕ್ಷಣದಲ್ಲೇ ಕಾಯಿ ಕಳಚಿ ಬಿದ್ದರೆ? ಅದೂ 20 ಸೆಂಟಿಮೀಟರ್ ಇಳಿದಿರುತ್ತದೆ. ಗುಂಡು ತಗಲುತ್ತದೆ. ಈ ಲೆಕ್ಕ ನನಗೆ ಇವತ್ತಿಗೂ ಖುಷಿ ಕೊಡುತ್ತದೆ.

ಈಗ ನಿಮ್ಮ ತೊಂದರೆಗೆ ಬರೋಣ. ತೋಟದ ಅಂಚಿನ ಬರೆಯ (ಕಡಿದಾದ ಮಣ್ಣಿನ ದಿಣ್ಣೆಯ) ಮೇಲೆ ನಿಂತಿದ್ದೀರಿ, ಕೆಳಗೆ 15 ಮೀಟರ್ ಆಳದಲ್ಲಿ ಗದ್ದೆ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ, 30 ಡಿಗ್ರಿ ಮೇಲಕ್ಕೆ ಚೆಂಡು ಎಸೆದಿರಿ. ಎಷ್ಟು ದೂರ ಹೋಗಿ ಬೀಳುತ್ತದೆ?

ಮೊದಲು ವೇಗವನ್ನು ಒಡೆಯಿರಿ. ಮೇಲಕ್ಕೆ 20 ಸೈನ್ 30, ಅಂದರೆ 10. ಅಡ್ಡಕ್ಕೆ 20 ಕಾಸ್ 30, ಅಂದರೆ 17.3. ಆಮೇಲೆ ದಿಕ್ಕು ತೀರ್ಮಾನಿಸಿ. ಮೇಲೆ ಪ್ಲಸ್ ಅಂದರೆ ಕೊನೆವರೆಗೂ ಮೇಲೆ ಪ್ಲಸ್ಸೇ. ಗದ್ದೆ ನಿಮ್ಮ ಕೆಳಗಿದೆ, ಹಾಗಾಗಿ ಸ್ಥಾನಾಂತರ −15. ಮಕ್ಕಳು ಜಾಸ್ತಿ ಎಡವುವುದು ಈ ಮೈನಸ್ ಚಿಹ್ನೆಯಲ್ಲಿ. ಸಮಯವನ್ನು ಟಿ ಅಂತ ಬರೆದರೆ:

−15 = 10ಟಿ − 5ಟಿ²

ಇದನ್ನು ಸರಳಗೊಳಿಸಿದರೆ ಟಿ² − 2ಟಿ − 3 = 0. ಅಂದರೆ (ಟಿ − 3)(ಟಿ + 1) = 0. ಉತ್ತರ 3 ಸೆಕೆಂಡ್. ಅಡ್ಡ ದೂರ 17.3 × 3, ಸುಮಾರು 52 ಮೀಟರ್. ರೇಂಜ್ ಸೂತ್ರ ಹಾಕಿದ್ದರೆ 34.6 ಬರುತ್ತಿತ್ತು. ಅದು ಚೆಂಡು ಮತ್ತೆ ನಿಮ್ಮ ಕೈಮಟ್ಟಕ್ಕೆ ಬರುವ ಜಾಗ. ಅಲ್ಲಿಂದ ಕೆಳಗೆ ಇನ್ನೂ 15 ಮೀಟರ್ ಬಾಕಿ ಇದೆ, ಅಲ್ವಾ?

ಟಿ = −1 ಅನ್ನು ಕಸ ಅಂತ ಗೀಚಿ ಹಾಕುವ ಮೊದಲು ಒಂದು ಕ್ಷಣ ನೋಡಿ. ಇದೇ ದಾರಿಯನ್ನು ಹಿಂದಕ್ಕೆ ಎಳೆದರೆ, ಎಸೆಯುವುದಕ್ಕೆ 1 ಸೆಕೆಂಡ್ ಮುಂಚೆ ಚೆಂಡು ಗದ್ದೆಯ ಮಟ್ಟದಲ್ಲಿ ಇರಬೇಕಿತ್ತು ಅಂತ ಗಣಿತ ಹೇಳುತ್ತಿದೆ. ನಮ್ಮ ಲೆಕ್ಕ ಶುರುವಾಗುವುದು ಕೈಬಿಟ್ಟ ಕ್ಷಣದಿಂದ, ಅದಕ್ಕೆ ಬಿಡುತ್ತೇವೆ.

ಉತ್ತರ ಸರಿಯೇ ಅಂತ ಬೇರೆ ದಾರಿಯಲ್ಲಿ ಪರೀಕ್ಷಿಸುವ ಅಭ್ಯಾಸ ಮಾಡಿಕೊಳ್ಳಿ. ಮೇಲಕ್ಕೆ 10 ವೇಗ, ಸೆಕೆಂಡಿಗೆ 10 ಕಡಿಮೆಯಾಗುತ್ತದೆ, ಹಾಗಾಗಿ 1 ಸೆಕೆಂಡಿನಲ್ಲಿ ತುದಿ ಮುಟ್ಟುತ್ತದೆ. ಏರಿದ್ದು 5 ಮೀಟರ್. ಅಲ್ಲಿಂದ ಗದ್ದೆಗೆ 20 ಮೀಟರ್, ಬೀಳಲು 2 ಸೆಕೆಂಡ್. ಒಟ್ಟು 3. ಸರಿಯಾಯಿತು.

ಆ ತುದಿಯಲ್ಲಿ ಚೆಂಡಿನ ವೇಗ ಎಷ್ಟು ಅಂತ ಕೇಳಿದರೆ ತುಂಬಾ ಜನ ಸೊನ್ನೆ ಅನ್ನುತ್ತಾರೆ. ಸೊನ್ನೆಯಾಗುವುದು ಮೇಲ್ಮುಖದ ಪಾಲು ಮಾತ್ರ. ಅಡ್ಡಕ್ಕೆ 17.3 ಹಾಗೇ ಇದೆ. ವೇಗೋತ್ಕರ್ಷವೂ (ವೇಗ ಬದಲಾಗುವ ದರ) ಸೊನ್ನೆಯಲ್ಲ, ಕೆಳಮುಖವಾಗಿ 10 ಇದ್ದೇ ಇದೆ. ಎಸೆದ ಬಲ ಚೆಂಡಿನೊಳಗೆ ಉಳಿದಿರುತ್ತದೆ ಅನ್ನುವ ಭಾವನೆಯೂ ಬೇಡ. ಕೈಬಿಟ್ಟ ಮೇಲೆ ಅದರ ಮೇಲಿರುವುದು ಗುರುತ್ವ ಒಂದೇ. ಚಿತ್ರ ಬಿಡಿಸಿದರೆ ಬಲದ ಬಾಣ ಒಂದೇ ಇರಬೇಕು, ಅದೂ ಕೆಳಕ್ಕೆ.

ಗಾಳಿಯ ತಡೆಯನ್ನು ಈ ಲೆಕ್ಕಗಳಲ್ಲಿ ಬಿಟ್ಟಿರುತ್ತಾರೆ. ಭಾರದ ಚೆಂಡು, ಕಡಿಮೆ ವೇಗ ಇದ್ದರೆ ಪರವಾಗಿಲ್ಲ. ಎಲ್ಲದಕ್ಕೂ ಅಲ್ಲ. 1 ಕಿಲೋಮೀಟರ್ ಮೇಲಿಂದ ಬೀಳುವ ಮಳೆಹನಿ ಗಾಳಿ ಇಲ್ಲದಿದ್ದರೆ ಸೆಕೆಂಡಿಗೆ ಸುಮಾರು 140 ಮೀಟರ್ ವೇಗದಲ್ಲಿ ಬಡಿಯಬೇಕು. ನಿಜದಲ್ಲಿ ದೊಡ್ಡ ಹನಿಯೂ 9ರ ಆಸುಪಾಸಿನಲ್ಲಿ ಬೀಳುತ್ತದೆ. ಜುಲೈ ತಿಂಗಳಲ್ಲಿ ಮಡಿಕೇರಿಯಲ್ಲಿ ನಾವು ಕೊಡೆ ಹಿಡಿದು ಓಡಾಡುತ್ತಿರುವುದು ಗಾಳಿಯ ಆ ತಡೆಯಿಂದ.

ಕೊನೆಗೆ 45 ಡಿಗ್ರಿಯ ವಿಷಯ. ಅತಿ ದೂರ ಹೋಗಬೇಕಾದರೆ 45 ಅಂತ ಎಲ್ಲರೂ ಕಲಿತಿರುತ್ತಾರೆ. ಅದೂ ಸಮತಟ್ಟಿಗೆ ಮಾತ್ರ. ನಮ್ಮ ಬರೆಯ ಮೇಲಿಂದ 45ರಲ್ಲಿ ಎಸೆದು ನೋಡಿ: 51.6 ಮೀಟರ್. 30ರಲ್ಲೇ 52 ಬಂದಿತ್ತಲ್ಲ! ಕೆಳಗೆ ಬೀಳಲು ಹೇಗೂ ಹೆಚ್ಚು ಸಮಯ ಸಿಗುತ್ತದೆ, ಆ ಸಮಯವನ್ನು ಅಡ್ಡ ವೇಗಕ್ಕೆ ಬಳಸಿಕೊಂಡರೆ ಲಾಭ. ಗುಂಡು ಎಸೆತದ (ಶಾಟ್‌ಪುಟ್) ಆಟಗಾರರಿಗೂ ಕೈಮಟ್ಟ ನೆಲಕ್ಕಿಂತ ಮೇಲಿರುವುದರಿಂದ 45ಕ್ಕಿಂತ ಕಡಿಮೆ ಕೋನವೇ ಒಳ್ಳೆಯದು. ನೀವೀಗ ಇದೇ ಲೆಕ್ಕವನ್ನು 37 ಡಿಗ್ರಿಗೆ ಮಾಡಿ. ಸೈನ್ 0.6, ಕಾಸ್ 0.8 ಅಂತ ಹಿಡಿಯಿರಿ. 52.9 ಮೀಟರ್ ಬರಬೇಕು. ಬರದಿದ್ದರೆ ಯಾವ ಸಾಲಿನಲ್ಲಿ ನಿಂತಿರಿ ಅಂತ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ.