ಇಂಗ್ಲಿಷ್‌ನಲ್ಲಿ ಕ್ರಿಯಾಪದಕ್ಕೆ 'ಟು' ಹಾಕೋದು ಯಾವಾಗ, 'ಇಂಗ್' ಹಾಕೋದು ಯಾವಾಗ?

ಅರ್ಧ ಉತ್ತರ ನಮ್ಮ ಕನ್ನಡದಲ್ಲೇ ಇದೆ. ಗಾಂಧಿ ಬಜಾರಿನಲ್ಲಿ ನಡೆದು ಹೋಗ್ತಾ 'ಕಾಫಿ ಕುಡಿಯೋಕೆ ನಿಂತೆ' ಅಂದರೆ 'ಐ ಸ್ಟಾಪ್ಡ್ ಟು ಡ್ರಿಂಕ್ ಕಾಫಿ'. ಡಾಕ್ಟರ್ ಬೈದರು ಅಂತ 'ಕಾಫಿ ಕುಡಿಯೋದು ನಿಲ್ಲಿಸಿದೆ' ಅಂದರೆ 'ಐ ಸ್ಟಾಪ್ಡ್ ಡ್ರಿಂಕಿಂಗ್ ಕಾಫಿ'. ಒಂದರಲ್ಲಿ ಲೋಟ ಕೈಗೆ ಬಂತು, ಇನ್ನೊಂದರಲ್ಲಿ ಕೈತಪ್ಪಿತು! 'ಕುಡಿಯೋಕೆ' ಅನ್ನೋ ಕಡೆ ಟು, 'ಕುಡಿಯೋದು' ಅನ್ನೋ ಕಡೆ ಇಂಗ್.

'ರಿಮೆಂಬರ್' ಕೂಡ ಹೀಗೇ. 'ರಿಮೆಂಬರ್ ಟು ಲಾಕ್ ದ ಡೋರ್' ಅಂದರೆ ಬೀಗ ಇನ್ನೂ ಹಾಕಿಲ್ಲ, ಹಾಕೋಕೆ ಮರೀಬೇಡ ಅಂತ. 'ಐ ರಿಮೆಂಬರ್ ಲಾಕಿಂಗ್ ದ ಡೋರ್' ಅಂದರೆ ಹಾಕಿ ಆಗಿದೆ, ಹಾಕಿದ್ದು ನೆನಪಿದೆ.

ಈ ಉಪಾಯ ಎಲ್ಲ ಕಡೆ ನಡೆಯಲ್ಲ. ಎಂಜಾಯ್, ಅವಾಯ್ಡ್, ಫಿನಿಶ್ ಆದಮೇಲೆ ಇಂಗ್. ವಾಂಟ್, ಹೋಪ್, ಡಿಸೈಡ್ ಆದಮೇಲೆ ಟು. ಇವಕ್ಕೆ ಬಾಯಿಪಾಠವೇ ಗತಿ.

ಆಫೀಸ್ ಮೇಲ್‌ಗಳಲ್ಲಿ ನಾನೂ ಎಷ್ಟೋ ವರ್ಷ 'ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು' ಅಂತಲೇ ಬರೆದೆ. ತಪ್ಪು. ಅಲ್ಲಿನ 'ಟು' ಬೇರೆ ಜಾತಿಯದು, 'ಇನ್', 'ಅಟ್' ಥರದ್ದು. ಅದರ ಮುಂದೆ 'ಮೀಟಿಂಗ್ ಯು' ಅಂತಲೇ ಬರಬೇಕು.